ಕೊನೆಯಲ್ಲಿದ್ದ ಹೆಸರು: ಡಾ. ಶೆಣೈ ಅವರ ಪ್ರಬಂಧಗಳನ್ನು ಎಣಿಸಿದ್ದು

ನಾನು ಮಾಡುತ್ತಿದ್ದ ಕೆಲಸ ಏನೆಂದು ನನ್ನ ಅತ್ತೆಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗ್‌ನಲ್ಲಿ ಯಾರಾದರೂ ಕೇಳಿದರೆ, "ಲೈಬ್ರರಿಯಲ್ಲಿ ಇದಾಳೆ, ಪುಸ್ತಕ ಕೊಟ್ಟು ಇಸ್ಕೊಳ್ಳೋ ಕೆಲಸ" ಎನ್ನುತ್ತಿದ್ದರು. ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಮದುವೆಯಾಗಿ ಮುಂಬಯಿಗೆ ಬಂದು, ದಾದರ್‌ನಲ್ಲಿಳಿದು ನಡೆದುಹೋಗುವಷ್ಟು ದೂರದ ಒಂದು ವಿಜ್ಞಾನ ಸಂಸ್ಥೆಗೆ ಸೇರಿದಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೊದಲ ವಾರವೇ ನನ್ನ ಮುಂದೆ ಬಂದು ಕುಳಿತದ್ದು ಕೊಡುವ, ಇಸ್ಕೊಳ್ಳುವ ಪುಸ್ತಕವಲ್ಲ. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಉಲ್ಲೇಖ ಸೂಚಿಯ ಸಂಪುಟಗಳು. ಒಂದೊಂದೂ ಇಟ್ಟಿಗೆಯಷ್ಟು ದಪ್ಪ, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು, ಅಕ್ಷರ ಸಾಸಿವೆಗಿಂತ ಚಿಕ್ಕದು. ಭೂತಗನ್ನಡಿ ಇಲ್ಲದೆ ಓದಲು ಸಾಧ್ಯವಿರಲಿಲ್ಲ.

ಅದರಲ್ಲಿ ಏನಿರುತ್ತಿತ್ತು ಎಂದು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಸುಲಭವಾಗುತ್ತದೆ. ವಿಜ್ಞಾನಿಗಳು ಪ್ರಬಂಧ ಬರೆದಾಗ, ತಾವು ಆಧರಿಸಿದ ಹಿಂದಿನವರ ಪ್ರಬಂಧಗಳ ಪಟ್ಟಿಯನ್ನು ಕೊನೆಯಲ್ಲಿ ಕೊಡುತ್ತಾರೆ. ಅದು ಉಲ್ಲೇಖ. ಈ ಸೂಚಿ ಅದನ್ನೇ ತಿರುವುಮುರುವು ಮಾಡಿ ತೋರಿಸುತ್ತಿತ್ತು. ಒಬ್ಬರ ಹೆಸರು ಹುಡುಕಿದರೆ, ಆ ವರ್ಷ ಪ್ರಪಂಚದಲ್ಲಿ ಯಾರು ಯಾರು, ಯಾವ ಪತ್ರಿಕೆಯಲ್ಲಿ ಅವರ ಪ್ರಬಂಧವನ್ನು ನೆನೆದಿದ್ದಾರೆ ಎಂದು ಸಾಲಾಗಿ ಸಿಗುತ್ತಿತ್ತು. ಎಣಿಸಿದರೆ ಒಂದು ಸಂಖ್ಯೆ. ಆ ಸಂಖ್ಯೆಯಿಂದ ಒಬ್ಬ ವಿಜ್ಞಾನಿಯ ತೂಕ ಹೇಳಬಹುದು ಎಂಬ ನಂಬಿಕೆ ನಮ್ಮ ದೇಶಕ್ಕೆ ಆಗ ತಾನೇ ಬರುತ್ತಿತ್ತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬರುತ್ತಾರೆ. ಒಂದು ಗುಂಡಿ ಒತ್ತಿ ನೂರು ಜನರ ಸಂಖ್ಯೆ ತೆಗೆಯುವವರು. "ಆಂಟಿ, ಆಗ ಹೇಗೆ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಹೇಗೆ ಮಾಡುತ್ತಿದ್ದೆವು ಎನ್ನುವುದಕ್ಕಿಂತ, ಹೇಗೆ ತಪ್ಪು ಮಾಡಿದೆವು ಎನ್ನುವುದನ್ನು ಹೇಳುವುದು ಅವರಿಗೆ ಹೆಚ್ಚು ಉಪಯೋಗ ಎಂದು ನನಗೆ ಅನ್ನಿಸುತ್ತದೆ.

ನನ್ನ ಮೇಲಧಿಕಾರಿ ಸಾಠೆಯವರು. ಮನೆಮಾತು ಮರಾಠಿಯಾದರೂ ಹುಟ್ಟಿ ಓದಿದ್ದೆಲ್ಲ ಧಾರವಾಡದಲ್ಲಿ. ಸಂಸ್ಥೆಯಲ್ಲಿ ಎಲ್ಲರೊಡನೆ ಇಂಗ್ಲಿಷ್, ನನ್ನೊಡನೆ ಮಾತ್ರ ಧಾರವಾಡದ ಕನ್ನಡ. ಸದಾ ಬಿಳಿ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲ್. ಶಾಯಿಯಲ್ಲಿ ಎಣಿಸಲು ಬಿಡುತ್ತಿರಲಿಲ್ಲ. "ಶಾಯೀಲೆ ಬರದ್ರ ಮನಷಾಗ ಅಹಂಕಾರ ಬರ್ತದ ತಂಗಿ" ಎನ್ನುತ್ತಿದ್ದರು.

ಅವರ ಮಾತು ನಿಜವೆಂದು ನನಗೆ ಮೊದಲು ಅರ್ಥವಾದದ್ದು ರಸಾಯನಶಾಸ್ತ್ರದ ಹಿರಿಯರೊಬ್ಬರ ವಿಷಯದಲ್ಲಿ. ಅವರನ್ನು ರಾವ್ ಎಂದಿಟ್ಟುಕೊಳ್ಳೋಣ. ಯಾವುದೋ ಪುರಸ್ಕಾರಕ್ಕೆ ಅರ್ಜಿ ಹಾಕಲು ತಮ್ಮ ಉಲ್ಲೇಖಗಳ ಪಟ್ಟಿ ಬೇಕೆಂದರು. ನಾನು ಹುಮ್ಮಸ್ಸಿನಿಂದ ಎಣಿಸಿ ಕೊಟ್ಟೆ. ಅವರು ನೋಡಿ, ನಕ್ಕು, "ವೆರಿ ಗುಡ್" ಎಂದು ಜೇಬಿಗೆ ಹಾಕಿಕೊಂಡರು. ತಿಂಗಳಾದ ಮೇಲೆ ಬೇರೇನೋ ಹುಡುಕುವಾಗ ನನಗೆ ಗೊತ್ತಾಯಿತು, ಅವರದ್ದೇ ಇನಿಷಿಯಲ್ ಇರುವ ಇನ್ನೊಬ್ಬ ರಾವ್ ಕೆನಡಾದಲ್ಲಿದ್ದಾರೆ, ನಾನು ಎಣಿಸಿದ್ದರಲ್ಲಿ ಅರ್ಧಕ್ಕರ್ಧ ಆ ಪುಣ್ಯಾತ್ಮರದ್ದು ಎಂದು. ಓಡಿಹೋಗಿ ಹೇಳಿದೆ. ರಾವ್ ಅವರು ಕನ್ನಡಕ ಒರೆಸುತ್ತ, "ಹೋಗ್ಲಿ ಬಿಡಿ ಅಮ್ಮ, ಅರ್ಜಿ ಹೋಗಿಯಾಯ್ತು. ಅಷ್ಟು ಆಳಕ್ಕೆ ಯಾರು ಇಳೀತಾರೆ?" ಎಂದರು. ತಮ್ಮ ಪ್ರಬಂಧಗಳ ಹೆಸರು ತಮಗೆ ಗೊತ್ತಿಲ್ಲದೆ ಇರುತ್ತದೆಯೇ? ಪಟ್ಟಿ ನೋಡಿದ ದಿನವೇ ಅವರಿಗೆ ತಿಳಿದಿತ್ತು. ಪುರಸ್ಕಾರ ಬರಲಿಲ್ಲ. ಆದರೆ ಅಂದಿನಿಂದ ನಾನು ಎಲ್ಲ ಹೆಸರುಗಳನ್ನೂ ಅನುಮಾನದಿಂದ ನೋಡತೊಡಗಿದೆ. ಇಲ್ಲದ್ದನ್ನು ಸೇರಿಸಬಾರದು ಎಂಬ ಪಾಠ ಅದು. ಇರುವುದನ್ನು ಬಿಡಬಾರದು ಎಂಬ ಪಾಠ ಬೇರೆಯೇ ಇದೆ ಎಂದು ಆಗ ಹೊಳೆದಿರಲಿಲ್ಲ.

ದಶಕದ ನಡುವೆ ಹೊಸ ನಿರ್ದೇಶಕರು ಬಂದರು. ವಿದೇಶದಲ್ಲಿ ಹಲವು ವರ್ಷ ಇದ್ದವರು, ಚುರುಕು, ಕೆಟ್ಟವರಲ್ಲ. ಸಂಸ್ಥೆಯಲ್ಲಿ ಲ್ಯಾಬುಗಳು ಜಾಸ್ತಿ, ಜಾಗ ಕಡಿಮೆ. ಯಾವುದನ್ನು ಉಳಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ ಮಾಡಿದರು. ಪ್ರತಿ ಲ್ಯಾಬಿನ ಮುಖ್ಯಸ್ಥರ ಪ್ರಬಂಧಗಳೆಷ್ಟು, ಉಲ್ಲೇಖಗಳೆಷ್ಟು ಎಂಬ ವರದಿ ಲೈಬ್ರರಿಯಿಂದ ಬರಬೇಕು ಎಂದರು. ಎರಡು ತಿಂಗಳು ನಾನು ಭೂತಗನ್ನಡಿ ಬಿಟ್ಟು ಬೇರೇನೂ ನೋಡಲಿಲ್ಲ. ಹೆಸರಿನ ಗೊಂದಲವಿದ್ದ ಕಡೆಯೆಲ್ಲ ಎರಡೆರಡು ಸಲ ಪರೀಕ್ಷಿಸಿದೆ. ಎಲ್ಲರಿಗೂ ಒಂದೇ ಅಳತೆ, ಒಂದೇ ನಿಯಮ. ವರದಿ ಟೈಪಾಗಿ ಬಂದಾಗ ಸಾಠೆಯವರು ಸಹಿ ಹಾಕಿದರು, ನಾನು ಹೆಮ್ಮೆಯಿಂದ ನಿರ್ದೇಶಕರ ಕೋಣೆಗೆ ಒಯ್ದು ಕೊಟ್ಟೆ.

ಆ ಪಟ್ಟಿಯ ತಳದಲ್ಲಿದ್ದ ಹೆಸರು ಡಾ. ಲಲಿತಾ ಶೆಣೈ, ಸೂಕ್ಷ್ಮಜೀವಿ ವಿಭಾಗ.

ಅವರ ಲ್ಯಾಬು ನೆಲಮಹಡಿಯಲ್ಲಿ, ಹಿಂಭಾಗಕ್ಕೆ. ಎರಡೇ ಕೋಣೆ. ಅವರು ಸಾಕುತ್ತಿದ್ದದ್ದು ಗಾಳಿಯಿಲ್ಲದ ಕಡೆ ಬೆಳೆದು ಕಬ್ಬಿಣವನ್ನು ತಿಂದುಹಾಕುವ ಬ್ಯಾಕ್ಟೀರಿಯಾಗಳನ್ನು. ಅವು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತವೆ. ಹಾಗಾಗಿ ಸಂಸ್ಥೆಯವರು ಆ ಕಡೆ ಹೋಗುವುದೇ ಕಡಿಮೆ. ಶೆಣೈ ಮೇಡಂ ಮಂಗಳೂರಿನವರು, ಐವತ್ತು ದಾಟಿದ್ದರು, ಕುಳ್ಳು, ದೊಡ್ಡ ದನಿ. ಗಂಡ ತೀರಿಕೊಂಡ ಮೇಲೆ ಘಾಟ್ಕೋಪರಿನಲ್ಲಿ ತಮ್ಮನ ಮನೆಯಲ್ಲಿದ್ದರು. ತಮ್ಮನದು ಸ್ಟೇಷನ್ನಿನ ಹತ್ತಿರ ಒಂದು ಹೋಟೆಲು, ಅದರ ಮೇಲೆಯೇ ಮನೆ. ತಡವಾಗಿ ಪುಸ್ತಕ ಹಿಂದಿರುಗಿಸುವುದರಲ್ಲಿ ಮೇಡಂ ಇಡೀ ಸಂಸ್ಥೆಗೆ ಮೊದಲಿಗರು. ನಾನು ನೆನಪಿನ ಚೀಟಿ ಕಳಿಸಿದರೆ ಅದರ ಹಿಂದೆಯೇ ಲೆಕ್ಕಾಚಾರ ಬರೆದು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತಿದ್ದರು.

ವರದಿ ಕೊಟ್ಟು ಹತ್ತು ಹದಿನೈದು ದಿನವಾಗಿರಬೇಕು. ಊಟದ ಹೊತ್ತು ಕಳೆದು ಲೈಬ್ರರಿ ಖಾಲಿಯಿತ್ತು. ಮೇಡಂ ಒಂದು ಕಾಗದ ಹಿಡಿದು ನೇರ ನನ್ನ ಮೇಜಿಗೆ ಬಂದರು. ಲ್ಯಾಬನ್ನು ಮುಚ್ಚಲು ಶಿಫಾರಸು ಆಗಿದೆ, ತಾವು ನೀರಿನ ದೈನಂದಿನ ಪರೀಕ್ಷೆಯ ವಿಭಾಗಕ್ಕೆ ಹೋಗಬೇಕು, ಆಕ್ಷೇಪಣೆಯಿದ್ದರೆ ಸಮಿತಿಯ ಮುಂದಿನ ಸಭೆಯೊಳಗೆ ತಿಳಿಸಬೇಕು ಎಂಬ ಪತ್ರ ಅದು. ಜೊತೆಗೆ ನನ್ನ ವರದಿಯ ಆ ಪುಟ.

"ನಾಗರತ್ನ, ಇದು ನೀವು ಎಣಿಸಿದ್ದಲ್ವಾ?"

"ಹೌದು ಮೇಡಂ."

"ಹಾಗಾದ್ರೆ ಹೇಳಿ. ಇಪ್ಪತ್ತೆರಡು ವರ್ಷ ನಾನು ಇಲ್ಲಿ ಎಂತ ಮಾಡ್ತಾ ಇದ್ದೆ? ನಿದ್ದೆ ಮಾಡ್ತಾ ಇದ್ದೆನಾ?"

ದನಿ ಜೋರಾಗಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ನಾನು ಸಂಪುಟ ತೆರೆದು, ಹೇಗೆ ಹುಡುಕಿದೆ ಎಂದು ತೋರಿಸಿದೆ. "ನೋಡಿ ಮೇಡಂ, ಇಲ್ಲಿ ಶೆಣೈ ಅಂತ ಇದೆ. ಪ್ರಬಂಧದ ಮೊದಲ ಲೇಖಕರ ಹೆಸರಲ್ಲಿ ಮಾತ್ರ ಇದು ಪಟ್ಟಿ ಮಾಡೋದು. ಎಲ್ಲರಿಗೂ ಹಾಗೇ ನೋಡಿದ್ದೀನಿ. ನಿಮಗೊಬ್ಬರಿಗೇ ಅಂತಲ್ಲ."

ಅವರು ಕುರ್ಚಿ ಎಳೆದು ಕುಳಿತರು. ಸ್ವಲ್ಪ ಹೊತ್ತು ಆ ಪುಟ್ಟ ಅಕ್ಷರಗಳನ್ನೇ ನೋಡಿದರು.

"ಮೊದಲ ಹೆಸರು ಮಾತ್ರವಾ?"

"ಹೌದು."

"ನಂದು ಕೊನೆಗೆ ಇರ್ತದೆ ಮಾರಾಯ್ತಿ. ಯಾವಾಗಲೂ. ಮೊದಲು ನನ್ನ ಸ್ಟೂಡೆಂಟ್ಸ್‌ದು."

ಬೇರೆ ಲ್ಯಾಬುಗಳಲ್ಲಿ ಮುಖ್ಯಸ್ಥರು ತಮ್ಮ ಹೆಸರನ್ನೇ ಮೊದಲು ಹಾಕಿಕೊಳ್ಳುತ್ತಿದ್ದರು. ಅದು ಹಾಗೆಯೇ ಎಂದು ನಾನು ಯೋಚನೆಯಿಲ್ಲದೆ ಒಪ್ಪಿಕೊಂಡಿದ್ದೆ.

"ಯಾಕೆ ಮೇಡಂ ಹಾಗೆ?" ಎಂದು ಕೇಳಿದೆ. ಕೇಳಬೇಕಾದ ಪ್ರಶ್ನೆಯಲ್ಲ, ಆದರೂ ಬಾಯಿಂದ ಬಂತು.

"ಎಂತ ಯಾಕೆ? ಟ್ಯೂಬ್ ಹಿಡಿದು ನಿಂತದ್ದು ಅವರು. ಆ ವಾಸನೆ ಕುಡಿದು ಲೋಕಲ್ ಟ್ರೇನಲ್ಲಿ ಜನ ದೂರ ಸರೀವ ಹಾಗೆ ಮನೆಗೆ ಹೋದದ್ದು ಅವರು. ನಾನು ಯೋಚನೆ ಹೇಳಿದೆ, ತಿದ್ದಿದೆ. ಹೆಸರು ಮೊದಲು ಹಾಕ್ಲಿಕ್ಕೆ ನಾಚಿಕೆ ಆಗ್ತದೆ." ಮತ್ತೆ ಪುಟ ನೋಡಿ, "ಮದುವೆಗೆ ಮುಂಚೆ ನಾನು ಕಾಮತ್. ಅದನ್ನಾದರೂ ನೋಡಿದ್ದೀರಾ?" ಎಂದರು.

ನೋಡಿರಲಿಲ್ಲ. ಅದು ನನಗೆ ಗೊತ್ತೇ ಇರಲಿಲ್ಲ. ನಾನೂ ಮದುವೆಯಾಗಿ ಹೆಸರು ಬದಲಾಯಿಸಿಕೊಂಡವಳು, ಆದರೂ ಹೊಳೆದಿರಲಿಲ್ಲ. ಮೇಡಂ ಎದ್ದು ಹೊರಟರು. ಬಾಗಿಲ ಹತ್ತಿರ ನಿಂತು, "ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಈ ಕಾಗದ ನೋಡಿದ ಮೇಲೆ ನನಗೇ ಡೌಟ್ ಬಂತು ಗೊತ್ತುಂಟಾ? ನಿಜವಾಗ್ಲೂ ನಾನು ಎಂತದೂ ಮಾಡ್ಲಿಲ್ಲವಾ ಅಂತ," ಎಂದರು. ಅವರು ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಸಾಠೆಯವರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ನಿವೃತ್ತಿಗೆ ಒಂದು ವರ್ಷವಿದ್ದವರು. ಬಡ್ತಿಯಲ್ಲಿ ಸಿಕ್ಕ ನನ್ನ ಹೊಸ ಹುದ್ದೆ ಇನ್ನೂ ಖಾಯಂ ಆಗಿರಲಿಲ್ಲ. ವರದಿ ತಪ್ಪು ಎಂದರೆ ಇಬ್ಬರ ಕಡತದಲ್ಲೂ ಅದು ಉಳಿಯುತ್ತದೆ. ಅವರು ಪೆನ್ಸಿಲ್ಲನ್ನು ಮೇಜಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಉರುಳಿಸಿದರು.

"ಸಭಾ ಯಾವಾಗ ಅದ?"

"ಮೂರು ವಾರ ಸರ್."

"ಆ ಶೆಣೈ ಬಾಯಿಯವರ ಪೂರಾ ಪ್ರಬಂಧದ ಪಟ್ಟಿ ಎಲ್ಲಿ ಅದ?"

"ಅವರ ಹತ್ರಾನೂ ಇಲ್ಲ ಸರ್. ರೀಪ್ರಿಂಟುಗಳು ಮನೇಲಿ ಎಲ್ಲೋ ಇದೆ ಅಂತಾರೆ."

"ಮತ್ತ ಇಲ್ಲಿ ಯಾಕ ನಿಂತೀ? ಹೋಗು, ತಗೊಂಡ್ ಬಾ. ಮೊದಲನೇ ವರದಿ ಮ್ಯಾಲೆ ನನ್ನ ಸಹಿ ಅದ. ಎರಡನೇದರ ಮ್ಯಾಲೂ ನಾನ ಮಾಡ್ತೀನಿ."

ಭಾನುವಾರ ಘಾಟ್ಕೋಪರಿಗೆ ಹೋದೆ. ಹೋಟೆಲಿನ ಗಲ್ಲಾದ ಹಿಂದೆ ಕುಳಿತಿದ್ದ ಮೇಡಂ ಅವರ ತಮ್ಮ, ನಾನು ಯಾರೆಂದು ಹೇಳುತ್ತಲೇ, "ಓ, ನೀವಾ ಅಕ್ಕನ ಲ್ಯಾಬ್ ಮುಚ್ಚಿಸಿದವರು? ಬನ್ನಿ ಬನ್ನಿ, ಮೊದಲು ಕಾಫಿ ಕುಡಿಯಿರಿ" ಎಂದರು. ತಮಾಷೆಗೆ ಅಂದದ್ದೋ, ನಿಜವಾಗಿಯೋ ತಿಳಿಯಲಿಲ್ಲ. ಮೇಲೆ, ಮೇಡಂ ಕೋಣೆಯಲ್ಲಿ, ಹೋಟೆಲಿನ ಎಣ್ಣೆಯ ಖಾಲಿ ಡಬ್ಬಗಳ ತಲೆ ಕತ್ತರಿಸಿ ಅದರಲ್ಲಿ ರೀಪ್ರಿಂಟುಗಳನ್ನು, ಅಂದರೆ ಪ್ರಬಂಧಗಳ ಅಚ್ಚಾದ ಬಿಡಿ ಪ್ರತಿಗಳನ್ನು, ಸುರುಳಿ ಸುತ್ತಿ ನಿಲ್ಲಿಸಿದ್ದರು. ಎಣ್ಣೆಯ ಕಲೆ ಹತ್ತಿದವು, ಅಂಚು ಜಿರಲೆ ತಿಂದವು. ನೆಲದ ಮೇಲೆ ಹರಡಿ ಇಬ್ಬರೂ ವಿಂಗಡಿಸಲು ಕುಳಿತೆವು. ಒಂದೊಂದನ್ನು ಎತ್ತಿದಾಗಲೂ ಮೇಡಂ ಮೊದಲ ಹೆಸರನ್ನು ಓದಿ ಆ ವಿದ್ಯಾರ್ಥಿಯ ಕಥೆ ಹೇಳುತ್ತಿದ್ದರು. ಇವಳಿಗೆ ಈಗ ಇಬ್ಬರು ಮಕ್ಕಳು, ಕೆಲಸ ಬಿಟ್ಟಳು. ಇವನು ಬರೋಡಾದಲ್ಲಿ ಪ್ರೊಫೆಸರ್. ಇವನು ಬಹಳ ಸೋಮಾರಿ, ಆದರೆ ಕೈ ಒಳ್ಳೇದು.

ಒಂದು ರೀಪ್ರಿಂಟ್ ಬಹಳ ತೆಳ್ಳಗಿತ್ತು, ಮೂರೇ ಪುಟ. ಅದನ್ನು ನನ್ನ ಕೈಗೆ ಕೊಡುತ್ತ, "ಇದು ಬಿಡಿ, ಇದರಲ್ಲಿ ವಿಜ್ಞಾನ ಕಮ್ಮಿ" ಎಂದರು. ಜೋಗೇಶ್ವರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪೈಪುಗಳು ವರ್ಷಕ್ಕೊಮ್ಮೆ ತೂತಾಗುತ್ತಿದ್ದವಂತೆ. ಮಾಲೀಕರು ಪೈಪು ಮಾರಿದವನ ಮೇಲೆ ಸಿಟ್ಟಾಗಿ, ಆ ತುಂಡನ್ನೇ ಹಿಡಿದುಕೊಂಡು ಸಂಸ್ಥೆಗೆ ಬಂದಿದ್ದರು. ಮೇಡಂ ಮತ್ತು ಒಬ್ಬ ವಿದ್ಯಾರ್ಥಿನಿ ಹೋಗಿ ನೀರು ತಂದರು. ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡದ ಒಂದು ವಿಧಾನ ಮಾಡಿದರು. ಬಾಟಲಿಯಲ್ಲಿ ಕೆಲವು ಲವಣಗಳ ದ್ರಾವಣ, ಒಂದು ಶುದ್ಧ ಕಬ್ಬಿಣದ ಮೊಳೆ, ಅದಕ್ಕೆ ಪರೀಕ್ಷಿಸುವ ನೀರನ್ನು ಅಂಚಿನವರೆಗೆ ತುಂಬಿ, ಗಾಳಿ ಹೋಗದಂತೆ ಮುಚ್ಚಿಡುವುದು. ಮೊಳೆ ಎಷ್ಟು ಬೇಗ ಕಪ್ಪಾಗುತ್ತದೆಯೋ ನೀರು ಅಷ್ಟು ಅಪಾಯದ್ದು. ಅಷ್ಟೇ ಆ ಪ್ರಬಂಧ. ಮೊದಲ ಹೆಸರು ಆ ವಿದ್ಯಾರ್ಥಿನಿಯದು.

ಮರುದಿನದಿಂದ ಎಣಿಕೆ. ಈ ಬಾರಿ ಒಂದು ಹೆಸರಲ್ಲ, ಅವರ ವಿದ್ಯಾರ್ಥಿಗಳೆಲ್ಲರ ಹೆಸರು, ಕಾಮತ್ ಹೆಸರು, ಶೆಣೈ ಹೆಸರು. ಪ್ರತಿಯೊಂದನ್ನೂ ಪ್ರತಿ ವರ್ಷದ ಸಂಪುಟದಲ್ಲಿ. ನಾಲ್ಕು ದೊಡ್ಡ ಹಾಳೆಗಳನ್ನು ಅಂಟಿಸಿ ಮೇಜಿನ ತುಂಬ ಹರಡಿ ಕೋಷ್ಟಕ ಹಾಕಿದೆ. ಉಲ್ಲೇಖಿಸಿದ ಪತ್ರಿಕೆ ಯಾವ ಶಾಸ್ತ್ರದ್ದು ಎಂದೂ ಬರೆಯುತ್ತ ಹೋದೆ. ಸೂಕ್ಷ್ಮಜೀವಿ ಶಾಸ್ತ್ರದ ಅಂಕಣ ತುಂಬುವುದೇ ಇಲ್ಲ. ಉಲ್ಲೇಖಗಳೆಲ್ಲ ಬೇರೆ ಕಡೆ ಬೀಳುತ್ತಿವೆ. ನೀರು ಸರಬರಾಜಿನ ಎಂಜಿನಿಯರುಗಳು, ಹಡಗಿನ ತಳಕ್ಕೆ ಬಣ್ಣ ಬಳಿಯುವ ವಿಷಯ ಬರೆದವರು, ಎಣ್ಣೆ ಬಾವಿಯವರು, ಕಾಗದ ಕಾರ್ಖಾನೆಯವರು. ಹಲ್ಲಿನ ವೈದ್ಯರ ಒಂದು ಪತ್ರಿಕೆ. ಸಮುದ್ರದಿಂದ ತೆಗೆದ ಹಳೆಯ ಫಿರಂಗಿಗಳನ್ನು ಕಾಪಾಡುವ ವಸ್ತುಸಂಗ್ರಹಾಲಯದವರು. ಹೊಸ ಅಂಕಣ, ಮತ್ತೊಂದು ಹೊಸ ಅಂಕಣ ಎಂದು ಗೆರೆ ಎಳೆಯುತ್ತಾ ಹೋಗಿ ಹಾಳೆ ಸಾಲದೆ ಐದನೆಯದನ್ನು ಅಂಟಿಸಿದೆ. ಇವುಗಳಲ್ಲಿ ಬಹುಪಾಲು ಆ ಮೂರು ಪುಟದ ಮೊಳೆಯ ಪ್ರಬಂಧಕ್ಕೆ.

ಅಪರಾಧಿ ಭಾವನೆ ಮನುಷ್ಯನನ್ನು ಇನ್ನೊಂದು ದಿಕ್ಕಿಗೆ ತಳ್ಳುತ್ತದೆ. ಈ ಸಲ ಸಂಖ್ಯೆ ದೊಡ್ಡದಾಗಬೇಕು ಎಂದು ನನಗೆ ಆಸೆಯಾಗಿತ್ತು. ಅನುಮಾನ ಬಂದವನ್ನೂ ಸೇರಿಸಿಬಿಟ್ಟಿದ್ದೆ. ಕರಡನ್ನು ನೋಡಲು ಮೇಡಂ ಬಂದರು, ನನ್ನ ಪೆನ್ಸಿಲ್ ತೆಗೆದುಕೊಂಡು ಒಂದೊಂದಾಗಿ ಹೊಡೆದು ಹಾಕತೊಡಗಿದರು.

"ಈ ಕಾಮತ್ ನಾನಲ್ಲ. ಇವರು ಗೋವಾದವರು, ಮೀನಿನ ಮೇಲೆ ಕೆಲಸ."

"ಸರಿ ಮೇಡಂ."

"ಇದು ನಾವೇ ನಮ್ಮ ಪೇಪರನ್ನು ಹೇಳಿಕೊಂಡದ್ದು. ಇದೆಂತ ಲೆಕ್ಕ? ತೆಗೀರಿ."

"ಎಲ್ಲರದ್ದೂ ಸೇರಿಸಿದ್ದೀನಿ ಮೇಡಂ."

"ಹಾಗಾದ್ರೆ ಎಲ್ಲರದ್ದೂ ತೆಗೀರಿ." ಮತ್ತೊಂದು ಸಾಲಿಗೆ ಬಂದು ಅವರ ಪೆನ್ಸಿಲ್ ನಿಂತಿತು. "ಇದನ್ನು ನಾನು ಓದಿದ್ದೇನೆ. ಇವರು ನಮ್ಮನ್ನು ಹೆಸರಿಸಿದ್ದು ನಾವು ತಪ್ಪು ಅಂತ ಹೇಳ್ಲಿಕ್ಕೆ. ಇದೂ ಸೇರ್ತದಾ?"

"ಎಣಿಕೆಯಲ್ಲಿ ಸೇರುತ್ತೆ ಮೇಡಂ. ಸೂಚಿಗೆ ಹೊಗಳಿಕೆ, ತೆಗಳಿಕೆ ಅಂತ ಗೊತ್ತಾಗಲ್ಲ."

ಅವರು ಮೊದಲ ಸಲ ನಕ್ಕರು. "ಇಟ್ಕೊಳ್ಳಿ ಹಾಗಾದ್ರೆ. ಅವರು ಹೇಳಿದ್ದು ಸರಿ. ನಮ್ಮ ಉಷ್ಣಾಂಶದ ಲೆಕ್ಕ ತಪ್ಪಿತ್ತು. ಅಷ್ಟು ಗಮನ ಕೊಟ್ಟು ಓದಿದವರು ಅವರೊಬ್ಬರೇ."

ಅಷ್ಟೆಲ್ಲ ಹೊಡೆದ ಮೇಲೂ ಸಂಖ್ಯೆ ಮೊದಲ ವರದಿಯದಕ್ಕೆ ಹಲವು ಪಟ್ಟು ಇತ್ತು.

ಸಭೆಗೆ ಸಾಠೆಯವರ ಜೊತೆ ನನ್ನನ್ನೂ ಕರೆದರು. ಐದು ಹಾಳೆಯ ಕೋಷ್ಟಕವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದೆ. ಉದ್ದನೆಯ ಮೇಜು, ಆರು ಜನ. ಶೆಣೈ ಮೇಡಂ ಇರಲಿಲ್ಲ, ಲ್ಯಾಬ್ ಮುಖ್ಯಸ್ಥರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ. ನಾನು ಹೇಳುವುದನ್ನು ನಿರ್ದೇಶಕರು ತಾಳ್ಮೆಯಿಂದ ಕೇಳಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ.

"ಅಂದರೆ, ಆಕೆಯ ಸ್ವಂತ ಕ್ಷೇತ್ರದವರೇ ಆಕೆಯನ್ನು ಉಲ್ಲೇಖಿಸುವುದು ಕಡಿಮೆ. ಇದನ್ನು ಬಲ ಅನ್ನಬೇಕೋ, ದೌರ್ಬಲ್ಯ ಅನ್ನಬೇಕೋ?"

"ಅದನ್ನು ನಾನು ಹೇಳಲಾರೆ ಸರ್," ಎಂದೆ. "ಆ ಪ್ರಬಂಧ ಎಲ್ಲೆಲ್ಲಿ ಹೋಗಿ ಕೆಲಸ ಮಾಡಿದೆ ಅಂತ ಮಾತ್ರ ತೋರಿಸಬಲ್ಲೆ."

ಅವರು ಕೋಷ್ಟಕದ ಮೇಲೆ ಬಗ್ಗಿ ನೋಡಿದರು. ಹಡಗು, ಹಲ್ಲು, ಫಿರಂಗಿ. ಒಬ್ಬ ಹಿರಿಯ ಸದಸ್ಯರು ಮೂರು ಪುಟದ ಆ ರೀಪ್ರಿಂಟನ್ನು ಕೇಳಿ ತೆಗೆದುಕೊಂಡು, ಉಳಿದವರು ಮಾತಾಡುತ್ತಿದ್ದಂತೆಯೇ ಮೊದಲಿಂದ ಕೊನೆಯವರೆಗೆ ಓದಿಬಿಟ್ಟರು. ಆ ಕೋಣೆಯಲ್ಲಿ ಒಬ್ಬರಾದರೂ ಓದಿದರಲ್ಲ ಎಂದು ನನಗೆ ಸಮಾಧಾನವಾಯಿತು.

ಅನಂತರ ನಿರ್ದೇಶಕರು ನೇರವಾಗಿ ನನ್ನನ್ನೇ ನೋಡಿದರು. "ನಿಮ್ಮ ಮೊದಲ ವರದಿಯ ವಿಧಾನವೇ ತಪ್ಪಾಗಿದ್ದರೆ, ತಪ್ಪಿರುವುದು ಈ ಒಂದು ಲ್ಯಾಬಿನ ವಿಷಯದಲ್ಲಿ ಮಾತ್ರವೇ?"

ಇಲ್ಲ ಎನ್ನಬೇಕು ಎಂದು ಗೊತ್ತಿತ್ತು. ಇಲ್ಲ ಎಂದರೆ ಇಡೀ ಸಂಸ್ಥೆಯ ವರದಿ ಹರಿದು ಹಾಕಿದಂತೆ, ಮೇಲಿದ್ದ ಎಷ್ಟೋ ಜನ ಕೆಳಗೆ ಬರುತ್ತಾರೆ, ಅವರೆಲ್ಲರ ಸಿಟ್ಟು ನನ್ನ ಮೇಲೆ. ಸಾಠೆಯವರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಉತ್ತರವನ್ನು ನನಗೇ ಬಿಟ್ಟಿದ್ದರು.

"ಇಲ್ಲ ಸರ್. ಎಲ್ಲರದ್ದೂ ತಪ್ಪಿದೆ. ಮತ್ತೆ ಎಣಿಸಬೇಕು."

ನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿ, "ಹಾಗಾದರೆ ಎಣಿಸಿ" ಎಂದರು.

ಐದು ತಿಂಗಳು ಹಿಡಿಯಿತು. ವರದಿಯಲ್ಲಿ ಅಜಾಗರೂಕತೆ ತೋರಿದ್ದಕ್ಕೆ ನನಗೂ ಸಾಠೆಯವರಿಗೂ ಒಂದೊಂದು ಮೆಮೊ ಬಂತು. ನಾನು ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಹೊಸ ಪಟ್ಟಿಯಲ್ಲಿ ಕೆಳಗಿಳಿದವರಲ್ಲಿ ಇಬ್ಬರು ಕ್ಯಾಂಟೀನಿನಲ್ಲಿ ನಾನು ಕುಳಿತ ಮೇಜಿನಿಂದ ಎದ್ದು ಹೋಗುತ್ತಿದ್ದರು. ಶೆಣೈ ಮೇಡಂ ಲ್ಯಾಬು ಪೂರ್ತಿ ಉಳಿಯಲಿಲ್ಲ. ಎರಡು ಕೋಣೆಯಲ್ಲಿ ಒಂದು ಹೋಯಿತು, ಹೊಸ ವಿದ್ಯಾರ್ಥಿಗಳನ್ನು ಒಬ್ಬರಿಗೆ ಮಿತಿಗೊಳಿಸಿದರು. ಆದರೆ ಮುಚ್ಚಲಿಲ್ಲ. ಆ ಸುದ್ದಿ ಹೇಳಲು ಹೋದಾಗ ಅವರು ಬಾಟಲಿ ತೊಳೆಯುತ್ತಿದ್ದರು. "ಒಂದು ಕೋಣೆ ಸಾಕು. ವಾಸನೆ ಒಂದೇ ಕಡೆ ಇರ್ತದೆ" ಎಂದರು. ಕೈ ಒರೆಸಿಕೊಂಡು ನನ್ನ ಭುಜ ಮುಟ್ಟಿದರು.

ಸಾಠೆಯವರು ಆ ಮೆಮೊವನ್ನು ಕಡತದಲ್ಲಿಟ್ಟುಕೊಂಡೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಕ್ಷಮೆ ಕೇಳಿದೆ. "ಹುಚ್ಚಿ," ಎಂದರು, "ಮೂವತ್ತು ವರ್ಷದಾಗ ನನ್ನ ಸಹಿ ಒಂದಸಲಾನೂ ಯಾರೂ ಪರೀಕ್ಷಾ ಮಾಡಿದ್ದಿಲ್ಲ. ಈಗ ಆತು. ಛಲೋನ ಆತು."

ತೊಂಬತ್ತರ ದಶಕದ ಮೊದಲಿಗೆ ಲೈಬ್ರರಿಗೆ ಕಂಪ್ಯೂಟರ್ ಬಂತು. ಹೊಳೆಯುವ ತಟ್ಟೆಯೊಂದರಲ್ಲಿ ಒಂದು ವರ್ಷದ ಇಡೀ ಸೂಚಿ. ಎರಡು ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುತ್ತಿದ್ದದ್ದು, ಅದು ಕೊಡುವ ಸಂಖ್ಯೆಯನ್ನು ನಂಬುವ ಮೊದಲು ಅದು ಎಲ್ಲಿ ನೋಡಿಲ್ಲ ಎಂದು ಕೇಳಿ, ಸಾಧ್ಯವಾದರೆ ಆ ಮನುಷ್ಯರನ್ನೇ ಹೋಗಿ ಮಾತಾಡಿಸಿ ಎಂದು. ಕೆಲವರು ಕೇಳಿದರು. ಕೆಲವರಿಗೆ ನಾನು ಹಳೆಯ ಕಾಲದವಳಾಗಿ ಕಂಡೆ.

ಶೆಣೈ ಮೇಡಂ ಆ ಹೊತ್ತಿಗೆ ನಿವೃತ್ತರಾಗಿದ್ದರು. ಒಂದು ದಿನ ಬೆಳಗ್ಗೆ ಕೊಂಕಣದ ಸಣ್ಣ ಊರೊಂದರ ನಗರಸಭೆಯಿಂದ ಕಾಂಬಳೆ ಎಂಬ ಎಂಜಿನಿಯರು ಲೈಬ್ರರಿಗೆ ಬಂದರು. ತಲೆ ನರೆತ, ದಣಿದ ಮನುಷ್ಯ. ಚೀಲದಿಂದ ಒಂದು ಹಾಳೆ ತೆಗೆದರು. ಎಷ್ಟೋ ಸಲ ಸೈಕ್ಲೋಸ್ಟೈಲ್ ಆಗಿ ಮಸುಕಾದ ಮರಾಠಿ ಅಕ್ಷರ. "ಮ್ಯಾಡಮ್, ಯೇ ಕಿಸ್ನೇ ಲಿಖಾ, ಪತಾ ಚಲೇಗಾ ಕ್ಯಾ?" ಎಂದು, ಅದನ್ನು ಬರೆದವರು ಯಾರೆಂದು ತಿಳಿಯಬಹುದೇ ಎಂದು ಹಿಂದಿಯಲ್ಲಿ ಕೇಳಿದರು. ಓದಿದೆ. ಬಾಟಲಿ, ಲವಣ, ಮೊಳೆ. ಅದೇ ಪರೀಕ್ಷೆ. ಯಾರ ಹೆಸರೂ ಇರಲಿಲ್ಲ. ಒಂದು ಊರಿನ ನೀರಿನವರಿಂದ ಇನ್ನೊಂದು ಊರಿನವರಿಗೆ ಕೈಯಿಂದ ಕೈಗೆ ಹೋಗುತ್ತಿತ್ತಂತೆ. ತಮ್ಮ ಊರಿನಲ್ಲಿ ಎಲ್ಲ ಬಾಟಲಿಗಳೂ ಒಳ್ಳೆಯ ನೀರು ಎಂದು ತೋರಿಸುತ್ತಿವೆ, ಆದರೆ ಪೈಪುಗಳು ಒಡೆಯುತ್ತಲೇ ಇವೆ, ಎಲ್ಲಿ ತಪ್ಪುತ್ತಿದೆ ಎಂದು ಕೇಳಲು ಬಂದಿದ್ದರು. ಮುಂಬಯಿಯ ಯಾವುದೋ ಸಂಸ್ಥೆಯಲ್ಲಿ ಹುಟ್ಟಿದ್ದು ಎಂದಷ್ಟೇ ಅವರಿಗೆ ಗೊತ್ತಿತ್ತು. ನಮ್ಮದು ಅವರು ಹತ್ತಿದ ಮೂರನೆಯ ಮೆಟ್ಟಿಲು.

ನಮ್ಮ ಕಂಪ್ಯೂಟರಿನಲ್ಲಿ ಈ ಹಾಳೆ ಇರಲಿಲ್ಲ, ಯಾವ ಸಂಪುಟದಲ್ಲೂ ಇರಲಿಲ್ಲ. ನಾನು ಘಾಟ್ಕೋಪರಿಗೆ ಫೋನ್ ಮಾಡಿದೆ.

ಒಂದೂವರೆ ಗಂಟೆಯಲ್ಲಿ ಮೇಡಂ ಬಂದರು. ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಓದಿದರು, ಅವರ ಮುಖ ಕೆಂಪಾಯಿತು.

"ಯಾರು ಬರೆದದ್ದು ಇದನ್ನು? ಉಪ್ಪು ಹತ್ತು ಪಟ್ಟು ಉಂಟಲ್ಲ! ಇದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೀತದೆ? ಎಲ್ಲಿಯೋ ಒಂದು ದಶಮಾಂಶದ ಚುಕ್ಕೆ ಹೋಗಿದೆ. ಮೊಳೆ ಹೇಗೆ ಕಪ್ಪಾಗ್ತದೆ!" ನನ್ನ ಮೇಲೆ ಕೂಗಿದರು, ಕಾಂಬಳೆಯವರ ಮೇಲೆ ಹಿಂದಿಯಲ್ಲಿ ಕೂಗಿದರು. ಆಮೇಲೆ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತು, ಊರಿನ ನೀರು ಎಲ್ಲಿಂದ ಬರುತ್ತದೆ, ಬೇಸಿಗೆಯಲ್ಲಿ ಎಷ್ಟು ಬಿಸಿಯಿರುತ್ತದೆ, ಮಾದರಿ ತೆಗೆಯುವುದು ಯಾರು ಎಂದು ಒಂದೊಂದೇ ಕೇಳುತ್ತ ಎರಡು ಗಂಟೆ ಕಳೆದರು. ಕಾಂಬಳೆಯವರು ಶಾಲೆಯ ಹುಡುಗನಂತೆ ಬರೆದುಕೊಂಡರು.

ಕೊನೆಗೆ ನಾನು ತಿದ್ದಿದ ಪಾಠವನ್ನು ಟೈಪ್ ಮಾಡಲು ಕುಳಿತೆ. ಮೇಡಂ ಹಿಂದೆ ನಿಂತು ಒಂದೊಂದು ಅಂಕಿಯನ್ನೂ ನೋಡುತ್ತಿದ್ದರು. ಮುಗಿಸಿ ಹಾಳೆ ತೆಗೆಯಲು ಹೋದಾಗ, "ನಿಲ್ಲಿ" ಎಂದರು.

"ಕೆಳಗೆ ನನ್ನ ಹೆಸರು ಹಾಕಿ. ಲಲಿತಾ ಶೆಣೈ. ಮನೆಯ ವಿಳಾಸ ಕೂಡ."

ನಾನು ಆಶ್ಚರ್ಯದಿಂದ ತಿರುಗಿ ನೋಡಿದೆ. ಅಷ್ಟು ವರ್ಷಗಳಲ್ಲಿ ತಮ್ಮ ಹೆಸರು ಹಾಕಿ ಎಂದು ಅವರು ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಎಂತ ನೋಡ್ತೀರಿ?" ಎಂದರು. "ಇನ್ನೊಮ್ಮೆ ತಪ್ಪಿದ್ರೆ ಯಾರನ್ನು ಬಂದು ಕೇಳಬೇಕು ಅಂತ ಅವರಿಗೆ ಗೊತ್ತಾಗಬೇಕಲ್ಲ."